ಪರದೆಯ ಬೆನ್ನಿನ ಬಿಳಿ ಚುಕ್ಕಿಗಳು

...ಇಲ್ಲ, ಇದೂ ಸರಿ ಬರಲಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡುತ್ತೇನೆ, ಕ್ಷಮಿಸಿ. ಇದು ಮೂರನೆಯ ಸಲ. ಮೊದಲ ಸಲ ನಡುವೆಯೇ ನಿಲ್ಲಿಸಿಬಿಟ್ಟೆ, ಎರಡನೆಯ ಸಲ ತಾರೀಖು ಹೇಳುವುದನ್ನೇ ಮರೆತೆ. ಈಗ ಹೇಳಿಬಿಡುತ್ತೇನೆ: ಎರಡು ಸಾವಿರದ ನೂರ ನಲವತ್ತೊಂದನೆಯ ಇಸವಿ, ನಡುಬೇಸಿಗೆ ತಿಂಗಳು, ನಲವತ್ತಾರನೆಯ ದಿನ, ಬೆಳಿಗ್ಗೆ. ತಿಂಗಳಿಗೆ ನಲವತ್ತಾರು ದಿನ ಎಲ್ಲಿಂದ ಬಂತು ಎಂದು ನೀವು ಹುಬ್ಬು ಗಂಟಿಕ್ಕಬೇಡಿ. ನಮ್ಮ ಕಾಲದಲ್ಲಿ ಬೇಸಿಗೆ ಬೆಳೆದ ಹಾಗೆ ಅದರ ತಿಂಗಳುಗಳೂ ಬೆಳೆದವು.

ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಅದಕ್ಕೂ ಕ್ಷಮೆ ಇರಲಿ. ತಪ್ಪು ನನ್ನದಲ್ಲ, ಅಚ್ಚುಗಾರನದು. ಅಚ್ಚುಗಾರ ಅಂದರೆ ಎದುರಿಗೆ ಕೂತು ನಾನಾಡಿದ್ದನ್ನು ಬರೆದುಕೊಳ್ಳುವ ಈ ಹಿಡಿಯಷ್ಟು ಯಂತ್ರ. ನಾನು ನಮ್ಮ ಗದಗಿನ ಮಾತಿನಲ್ಲಿ ‘ಬರತೇನಿ’ ಅಂದರೂ ಅದು ಪುಸ್ತಕದ ಹಾಗೆ ‘ಬರುತ್ತೇನೆ’ ಎಂದೇ ತಿದ್ದಿಕೊಳ್ಳುತ್ತದೆ. ಬೇರೆಯವರು ಆಡಿದ ಮಾತನ್ನಾದರೂ ಮುಟ್ಟಬೇಡಪ್ಪಾ ಎಂದು ಕೈಮುಗಿದು ಹೇಳಿದ್ದೇನೆ. ನೋಡೋಣ.

ಶಂಕ್ರವ್ವಜ್ಜಿ, ನಾನು ಕಲ್ಲೇಶ. ನಿಮ್ಮ ಮಗನ ಮೊಮ್ಮಗನ ಮಗ. ನಿಮ್ಮನ್ನು ಅಜ್ಜಿ ಅನ್ನುತ್ತಿದ್ದೇನೆ, ಆದರೆ ಈ ಮಾತು ನಿಮ್ಮನ್ನು ಮುಟ್ಟುವ ಹೊತ್ತಿಗೆ ನಿಮಗೆ ನಲವತ್ತರ ಆಸುಪಾಸು. ನನಗೆ ಐವತ್ತು ತುಂಬಿದೆ. ಐವತ್ತು ತುಂಬಿದವರು ಹಿಂದೋಲೆ ಕೊಡುವುದು ನಮ್ಮಲ್ಲಿ ಪದ್ಧತಿ. ಹಿರಿಯರಲ್ಲಿ ಒಬ್ಬರನ್ನು ಆರಿಸಿಕೊಂಡು, ಅವರಿಗೆ ಹೇಳಬೇಕಾದ್ದನ್ನೆಲ್ಲ ಹೇಳಿ ಓಲೆಮನೆಯಲ್ಲಿ ಇಟ್ಟು ಬರುತ್ತೇವೆ. ಅದು ನಿಜವಾಗಿ ಹಿಂದಕ್ಕೆ ಹೋಗುತ್ತದೆಯೇ ಎಂದು ಕೇಳಿದರೆ ಓಲೆಮನೆಯವರು ನಗುತ್ತಾರೆ, ಹೌದು ಅನ್ನುವುದಿಲ್ಲ, ಇಲ್ಲ ಅನ್ನುವುದೂ ಇಲ್ಲ. ನಮ್ಮ ಮನೆತನದವರೆಲ್ಲ ಇಲ್ಲಿಯ ತನಕ ಹಿಂದೋಲೆ ಕೊಟ್ಟದ್ದು ನಿಮ್ಮ ಯಜಮಾನರಿಗೆ. ಮೌನೇಶಜ್ಜನಿಗೆ. ನಿಮಗೆ ಕೊಡುತ್ತಿರುವವನು ನಾನೇ ಮೊದಲಿಗ.

ನಿಮ್ಮ ಯಜಮಾನರು ಎಷ್ಟು ದೊಡ್ಡವರಾದರು ಎಂಬುದು ನಿಮಗೆ ಗೊತ್ತಿರಲಿಕ್ಕಿಲ್ಲ. ನಾಟಕ ಕಂಪನಿಗೆಂದು, ರಂಗದ ಹಿಂದೆ ಇಳಿಬಿಡಲು ಅವರು ಬರೆದ ಬೀದಿಯ ಚಿತ್ರದ ಪರದೆ ಈಗ ಗದಗಿನ ಪರದೆಮನೆಯಲ್ಲಿ ಒಂದೇ ಒಂದಾಗಿ ತೂಗುತ್ತದೆ. ಅದನ್ನು ತೊಳೆಯುವುದು, ಹೊಲಿಯುವುದು, ಹುಳ ಬೀಳದ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸ. ಇಪ್ಪತ್ತಾರು ವರ್ಷದಿಂದ ಇದೇ. ನನಗೆ ಚಿತ್ರ ಬರೆಯಲು ಬರುವುದಿಲ್ಲ, ತಾಳ್ಮೆಯೊಂದು ಬರುತ್ತದೆ.

ಆ ಬೀದಿಯಲ್ಲಿ ನಾನು ಬದುಕಿದ್ದೇನೆ ಅಂದರೆ ಸುಳ್ಳಲ್ಲ. ಎಡಗಡೆ ಚಹಾದಂಗಡಿ. ಪಕ್ಕದಲ್ಲಿ ಕಾಗದದ ಮೇಲೆ ಗಿರ್ಮಿಟ್ಟು ಮಂಡಕ್ಕಿಯ ಗುಡ್ಡೆ, ಮೇಲೆ ಹೆಚ್ಚಿದ ಉಳ್ಳಾಗಡ್ಡಿ. ಸಿಲಿಂಡರ್ ಹೊತ್ತ ಒಂದು ಸ್ಕೂಟರ್. ಬಲಗಡೆ ಕಟ್ಟೆಯ ಮೇಲೆ ಮಿಷನ್ನಿನ ಮುಂದೆ ಕೂತ ದರ್ಜಿ, ಅವನ ಹಿಂದೆ ಬೇವಿನ ಮರ. ಮಾಳಿಗೆಯ ಕಿಟಕಿಯಲ್ಲಿ ಬಟ್ಟೆ ಒಣಹಾಕುತ್ತಿರುವ ಒಬ್ಬ ಹೆಂಗಸು. ಅದು ನೀವೇ ಇರಬೇಕು ಎಂದು ನನಗೆ ಅನ್ನಿಸುತ್ತದೆ. ಇದೆಲ್ಲಕ್ಕಿಂತ ನಮ್ಮ ಮಕ್ಕಳನ್ನು ಬೆರಗಾಗಿಸುವುದು ಚಹಾ ಕುಡಿಯುವ ಮನುಷ್ಯ. ಆತ ನೇರ ಬಿಸಿಲಲ್ಲಿ, ತಲೆಯ ಮೇಲೆ ಏನೂ ಇಲ್ಲದೆ, ಒಂದು ಕಾಲ ಮೇಲೆ ಭಾರ ಹಾಕಿ ಆರಾಮಾಗಿ ನಿಂತಿದ್ದಾನೆ. ನಮ್ಮಲ್ಲಿ ಒಂಬತ್ತು ಗಂಟೆಗೆ ಒಳಹೊತ್ತು ಶುರು. ಬೀದಿಗಳ ಮೇಲೆ ನೆರಳುಸಾಲು ಎಳೆಯುತ್ತಾರೆ, ಮಾಳಿಗೆಯಿಂದ ಮಾಳಿಗೆಗೆ ದಪ್ಪ ಬಟ್ಟೆ. ಐದರ ತನಕ ಅದರ ಹೊರಗೆ ಯಾರೂ ಕಾಲಿಡುವುದಿಲ್ಲ. ಬಿಸಿಲಲ್ಲಿ ನಿಂತು ಚಹಾ ಕುಡಿಯುವವನು ನಮಗೆ ಪುರಾಣದ ಪಾತ್ರ. ಅವನ ಕಾಲ ಹತ್ತಿರ ಒಂದು ನಾಯಿ ಮಲಗಿದೆ, ಅದೂ ಬಿಸಿಲಲ್ಲಿ. ಎಷ್ಟೋ ಸಲ ಕೆಲಸ ಮುಗಿದ ಮೇಲೂ ಆ ನಾಯಿಯನ್ನು ನೋಡುತ್ತ ಕೂತಿದ್ದೇನೆ. ಹುಟ್ಟುವ ಮೊದಲೇ ಕಳೆದುಹೋದದ್ದರ ನೆನಪು ಹೇಗೆ ಬರುತ್ತದೆಯೋ ನನಗೆ ತಿಳಿಯದು, ಆದರೆ ಬರುತ್ತದೆ.

ಮಾತು ಎಲ್ಲೋ ಹೋಯಿತು. ಹೇಳಬೇಕಾದ್ದು ಪರದೆಯ ಬೆನ್ನಿನ ಬಗ್ಗೆ.

ನಮ್ಮ ಕಾಲದಲ್ಲಿ ಚಿತ್ರ ಬೇಕೆಂದರೆ ಬಾಯಿಬಿಟ್ಟು ಹೇಳಿದರೆ ಸಾಕು, ಗೋಡೆಯ ಮೇಲೆ ಮೂಡುತ್ತದೆ. ಬಾಯಿಚಿತ್ರ ಅನ್ನುತ್ತೇವೆ. ಹಾಗಾಗಿ ಕೈಯಿಂದ ಬರೆಯುವವರು ಊರಿಗೆ ಹತ್ತು ಹನ್ನೊಂದು ಜನ ಉಳಿದಿದ್ದಾರೆ. ಅವರನ್ನು ಕೈಯವರು ಎಂದು ಕರೆಯುತ್ತೇವೆ, ದಾರಿಯಲ್ಲಿ ಕಂಡರೆ ಸರಿದು ನಿಲ್ಲುತ್ತೇವೆ. ಇನ್ನೊಂದು ಮಾತು. ನಮ್ಮಲ್ಲಿ ಓಣಿಗೊಂದು ಮನಗಟ್ಟೆ ಇದೆ. ನಿಮ್ಮ ಕಾಲದ ನಲ್ಲಿಯ ಹಾಗೆ ಅದು ಎಲ್ಲರದು. ನಿದ್ದೆ ಬರದವರು, ಅಳು ನಿಲ್ಲದವರು, ಮನಸ್ಸು ಕುದುರೆ ಏರಿದವರು ಎಲ್ಲರೂ ಅಲ್ಲಿ ಹೋಗಿ ಕೂರುತ್ತಾರೆ. ಡಾಕ್ಟರು ಇರುತ್ತಾರೆ, ಓಣಿಯವರು ಚಹಾ ತರುತ್ತಾರೆ. ಅದರಲ್ಲಿ ನಾಚಿಕೆ ಏನೂ ಇಲ್ಲ. ಆದರೆ ಕೈಯವರು ಮಾತ್ರ ಅಲ್ಲಿಗೆ ಹೋಗುವುದಿಲ್ಲ. ಅವರ ಮನಸ್ಸನ್ನು ಮುಟ್ಟಿದರೆ ಕೈ ಹೋಗುತ್ತದೆ ಎಂದು ಊರಿಗೆ ಊರೇ ನಂಬಿದೆ. ಹಾಗೆ ನಂಬಿಸಿದ್ದು ನಮ್ಮ ಮನೆತನ. ಸಾಕ್ಷಿ, ನಿಮ್ಮ ಯಜಮಾನರ ಪರದೆ.

ಆ ಪರದೆಯ ಬೆನ್ನಿನ ಮೇಲೆ ಬಿಳಿ ಚುಕ್ಕಿಗಳಿವೆ, ನಾನೂರಕ್ಕೂ ಮೇಲೆ. ಮೌನೇಶಜ್ಜ ತಲೆ ಕೆಟ್ಟಾಗ ನಿದ್ದೆಯಿಲ್ಲದೆ ಇಟ್ಟ ಚುಕ್ಕಿಗಳು, ಆ ಹುಚ್ಚಿನಲ್ಲೇ ಎದುರಿನ ಬೀದಿಯೂ ಹುಟ್ಟಿತು ಎಂದು ನಾವೆಲ್ಲ ಕೇಳಿಕೊಂಡು ಬೆಳೆದವರು. ಆಕಾಶದ ನಕ್ಷತ್ರಗಳ ಹಾಗಿವೆಯೆಂದು ಹುಚ್ಚಿನ ಚಿಕ್ಕೆ ಎಂದು ಅವಕ್ಕೆ ಹೆಸರು. ವರ್ಷಕ್ಕೊಮ್ಮೆ ಪರದೆಯನ್ನು ತಿರುಗಿಸಿ, ಬೆನ್ನಿಗೆ ದೀಪ ಹಚ್ಚಿ, ಆತನ ದನಿಟಿಪ್ಪಣಿ ಕೇಳಿಸುತ್ತಾರೆ. ಫೋನಿನಲ್ಲಿ ಒಬ್ಬರೇ ಮಾತಾಡಿ ಕಳಿಸುತ್ತಿದ್ದಿರಲ್ಲ, ಅದು. ಒಂದೊಂದು ನಲವತ್ತು ನಿಮಿಷ. ‘ಬೀದಿ ತುಂಬ ಬೆಳಕ ಐತಿ, ಶಂಕ್ರಿ, ಮನಿಗೋಳು ಉಸರಾಡಾಕ ಹತ್ಯಾವು’ ಎಂದು ಶುರುವಾಗಿ ಎಲ್ಲಿಗೋ ಹೋಗುತ್ತವೆ. ಜನ ಕಣ್ಣು ಮುಚ್ಚಿ ಕೇಳುತ್ತಾರೆ. ನಮ್ಮಪ್ಪನೂ ಕೈಯವನೇ. ಆತನೂ ಕಣ್ಣು ಮುಚ್ಚಿ ಕೇಳುತ್ತಿದ್ದ. ನಲವತ್ತೊಂದನೆಯ ವಯಸ್ಸಿನಲ್ಲಿ ಹದಿನೈದು ದಿನ ಮಲಗಲಿಲ್ಲ. ಓಣಿಯವರು ಬಾಗಿಲಲ್ಲಿ ನಿಂತು ಗೌರವದಿಂದ ನೋಡಿದರು, ಡಾಕ್ಟರನ್ನು ಯಾರೂ ಕರೆಯಲಿಲ್ಲ. ಒಂದು ದಿನ ಒಳಹೊತ್ತಿನಲ್ಲಿ ನೆರಳುಸಾಲು ದಾಟಿ ಬಿಸಿಲಿಗೆ ಹೋದ. ಬೀದಿ ನೋಡಿಕೊಂಡು ಬರುತ್ತೇನೆ ಅಂದಿದ್ದನಂತೆ. ಬದುಕಿ ಬರಲಿಲ್ಲ. ಆತ ಕಡೆಗೆ ಬರೆದದ್ದು ಏನು ಗೊತ್ತೇ? ಒಂದರ ಮೇಲೊಂದು ಹಚ್ಚಿದ ಕಪ್ಪು. ಅದನ್ನೂ ಚೌಕಟ್ಟು ಹಾಕಿ ಇಟ್ಟಿದ್ದಾರೆ.

ಈಗ ನನ್ನ ಮಗಳು. ಸಂಪಿಗೆ, ಇಪ್ಪತ್ನಾಲ್ಕು ವರ್ಷ, ಅಜ್ಜನ ಕೈ ಬಂದಿದೆ. ಹೋದ ತಿಂಗಳು ಅವಳೂ ಮಲಗುವುದು ಬಿಟ್ಟಳು. ಪಡಸಾಲೆಯ ನಾಲ್ಕೂ ಗೋಡೆ ಬರೆದು, ಅಳಿಸಿ, ಮತ್ತೆ ಬರೆದಳು. ಊಟ ಇಲ್ಲ. ಮಾತು ನಿಲ್ಲದು. ಆಮೇಲೆ ಒಂದು ವಾರ ಗೋಡೆಗೆ ಮುಖ ಮಾಡಿ ಬಿದ್ದುಕೊಂಡಳು. ಓಣಿಯವರು ಬಂದು ಬಾಗಿಲಲ್ಲಿ ಹೂವಿಟ್ಟು ಹೋದರು. ಅವಳು ನೋಡುವ ಮೊದಲೇ ಆ ಹೂವನ್ನು ಗುಡಿಸಿ ಹಾಕಿದೆ. ಮನಗಟ್ಟೆಯ ಹಸೀನಾ ಡಾಕ್ಟರನ್ನು ಕದ್ದು ಕರೆದುಕೊಂಡು ಬಂದೆ. ‘ಇದಕ್ಕ ಔಷಧ ಐತಿ, ಕಲ್ಲಣ್ಣ. ಆದ್ರ ನಿನ್ನ ಮಗಳು ಹೂಂ ಅನಬೇಕು. ನೀ ಹೂಂ ಅಂದ್ರ ಗುಳಿಗಿ ನಿನಗ ಕೊಡಬೇಕಾಗ್ತೈತಿ’ ಅಂದರು. ಸಂಪಿಗೆ ಎದ್ದು ಕೂತು ನನ್ನನ್ನೇ ಕೇಳಿದಳು: ‘ಅಪ್ಪಾ, ಮೌನೇಶಜ್ಜ ಗುಳಿಗಿ ನುಂಗಿದ್ರ ಆ ಬೀದಿ ಬರೀತಿದ್ನೇನು?’

ಇಪ್ಪತ್ತಾರು ವರ್ಷ ಆ ಬಟ್ಟೆಯನ್ನು ತೊಳೆದವನು ನಾನು.

ಮನೆಯಲ್ಲಿ ಕೂರಲಾಗದೆ ಪರದೆಮನೆಗೆ ಹೋದೆ. ಕೈಗೆ ಕೆಲಸ, ಕಿವಿಗೆ ಏನಾದರೂ ಬೇಕಿತ್ತು. ಮೌನೇಶಜ್ಜನ ದನಿ ಕೇಳುವ ಧೈರ್ಯ ಅವತ್ತು ಇರಲಿಲ್ಲ. ಅದೇ ಹಳೆಯ ಫೋನಿನಲ್ಲಿ ನಿಮ್ಮ ಟಿಪ್ಪಣಿಗಳೂ ಇವೆ, ಇನ್ನೂರ ಹನ್ನೆರಡು. ನೂರು ವರ್ಷದಿಂದ ಯಾರೂ ತೆರೆದಿರಲಿಲ್ಲ, ಹೆಂಡತಿಯ ಸಂಸಾರದ ಮಾತು ಯಾರಿಗೆ ಬೇಕು ಎಂದು. ಕೇಳುತ್ತ ಹೊಲಿಯತೊಡಗಿದೆ. ಹಾಲು ಒಡೆದದ್ದು, ಜೋಳದ ಹಿಟ್ಟು ಬೀಸಿಸುವುದು, ಮಗನ ಶಾಲೆಯ ಬೂಟು. ‘ಬರುವಾಗ ಕೊತಂಬ್ರಿ ತರ್ರಿ, ಮತ್ತ ಮೆಂತೆ ತಂದು ಕೊತಂಬ್ರಿ ಅನಬ್ಯಾಡ್ರಿ.’ ನಾನು ಒಬ್ಬನೇ ನಕ್ಕೆ. ಆಮೇಲೆ ಆರು ಸೆಕೆಂಡಿನದೊಂದು ಬಂತು. ‘ಏನ್ರಿ, ಗುಳಿಗಿ ನುಂಗಿ ಆಮ್ಯಾಲ ಚುಕ್ಕಿ ಇಡ್ರಿ. ನಿನ್ನಿ ಹಂಗ ಮದಲ ಚುಕ್ಕಿ ಇಟ್ಟು ಗುಳಿಗಿ ಮರತು ಕುಂದರಬ್ಯಾಡ್ರಿ.’

ಸೂಜಿಯನ್ನು ಬಟ್ಟೆಗೇ ಚುಚ್ಚಿಟ್ಟೆ. ಎದ್ದು ಪರದೆಯ ಹಿಂದೆ ಹೋದೆ. ಏಳು ಚುಕ್ಕಿ, ಬೆರಳಗಲದ ಜಾಗ, ಮತ್ತೆ ಏಳು. ದೀಪದ ಬೆಳಕಲ್ಲಿ ನಕ್ಷತ್ರ ಕಾಣುವವರಿಗೆ ವಾರ ಕಂಡಿರಲಿಲ್ಲ. ನಡುನಡುವೆ ಕೆಂಪು ಚುಕ್ಕಿಗಳಿವೆ, ಅವನ್ನು ಮಂಗಳಗ್ರಹ ಅನ್ನುತ್ತಿದ್ದೆವು. ‘ನಾಳೆ ತಪಾಸಣಿಗೆ ರಕ್ತ ಕೊಡೂದೈತಿ, ಕೆಂಪು ಚುಕ್ಕಿ’ ಎಂದು ಇನ್ನೊಂದರಲ್ಲಿ ನೀವೇ ಹೇಳಿದ್ದೀರಿ. ಅಂದು ಬರೆದ ಭಾಗದ ಬೆನ್ನಿಗೇ ಅಂದಿನ ಚುಕ್ಕಿ ಎಂಬುದೂ ನಿಮ್ಮ ಮಾತಿನಲ್ಲೇ ಇತ್ತು. ಒಂದು ಕಡೆ ಒಂಬತ್ತು ದಿನ ಚುಕ್ಕಿಯೇ ಇಲ್ಲ, ಖಾಲಿ ಬಟ್ಟೆ. ಬಣ್ಣದ ಪದರಗಳನ್ನು ನೋಡುವ ಒಳಗಣ್ಣು ಎಂಬ ಉಪಕರಣವನ್ನು ಆ ಜಾಗದ ಮುಂಭಾಗಕ್ಕೆ ಹಿಡಿದೆ. ಅಲ್ಲಿ ಈಗ ದರ್ಜಿಯ ಕಟ್ಟೆ ಇದೆ. ಅದರ ಅಡಿಯಲ್ಲಿ ಕಪ್ಪಿನ ಮೇಲೆ ಕಪ್ಪು, ಹದಿನೆಂಟು ಪದರ. ನಮ್ಮಪ್ಪ ಕಡೆಗೆ ಹಚ್ಚಿದಂಥದೇ ಕಪ್ಪು. ಚುಕ್ಕಿ ಮತ್ತೆ ಶುರುವಾದ ಮೇಲೆ ಅಜ್ಜ ಅದರ ಮೇಲೆ ಹೊಸ ಬಣ್ಣ ಎಳೆದು, ಸಮಾಧಾನವಾಗಿ ಆ ದರ್ಜಿಯನ್ನು ಕೂರಿಸಿದ್ದಾನೆ. ಕಿಟಕಿಯ ಹೆಂಗಸು, ಚಹಾದವನು, ನಾಯಿ, ಎಲ್ಲ ಚುಕ್ಕಿಯ ದಿನಗಳವು.

ಎಲ್ಲ ಸಲೀಸಾಗಿತ್ತು ಎಂದು ನಾನು ಹೇಳುತ್ತಿಲ್ಲ. ಬೀದಿಯ ಬೆಳಕು ಆತನಿಗೆ ಮೊದಲು ಕಂಡದ್ದು ಆ ನಿದ್ದೆಗೆಟ್ಟ ದಿನಗಳಲ್ಲೇ ಇರಬಹುದು, ಟಿಪ್ಪಣಿಯಲ್ಲಿ ಹಾಗೇ ಇದೆ. ಗುಳಿಗೆಯಿಂದ ಕೈ ನಡುಗುತ್ತಿತ್ತು ಎಂಬುದೂ ನಿಮ್ಮ ಮಾತಿನಿಂದಲೇ ತಿಳಿಯಿತು: ‘ಕೈ ನಡಗತಾವಂತ ಡಾಕ್ಟರ್ ಮುಂದ ಬಾಯಿ ಬಿಟ್ಟು ಹೇಳ್ರಿ. ಅಲ್ಲಿತನಕ ಕೋಲಿನ ಮ್ಯಾಲ ಮುಂಗೈ ಇಟಗೊಂಡು ಬರೀರಿ.’ ಬೇವಿನ ಎಲೆಗಳು ಯಾಕೆ ಒಂದೂ ನೇರವಾಗಿಲ್ಲ ಎಂದು ನನಗೆ ಈಗ ಗೊತ್ತು. ಆದರೆ ಮರ ಮುಗಿದಿದೆ. ಕಂಡ ಬೆಳಕನ್ನು ಬಟ್ಟೆಯ ಮೇಲೆ ಇಳಿಸಲು ನಾನೂರು ದಿನ ಬೇಕಾಯಿತು, ಆ ನಾನೂರು ದಿನವನ್ನು ಕಾದವರು ನೀವು.

ಒಂದು ಮಾತು ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಕಡೆಯ ಟಿಪ್ಪಣಿಗಳಲ್ಲೊಂದು ಹೀಗಿದೆ: ‘ಯಾರರ ಕೇಳಿದ್ರ ಬಣ್ಣದ ಲೆಕ್ಕ ಅನ್ರಿ. ಮಂದಿಗೆ ಗೊತ್ತಾದ್ರ ಹುಚ್ಚರ ಮನಿ ಅಂತಾರ, ನಾಳೆ ಹುಡುಗಗ ಹೆಣ್ಣು ಕೊಡೂದಿಲ್ಲ.’ ಹೆದರಿದ್ದಿರಿ, ನಿಮ್ಮ ಕಾಲ ಹಾಗಿತ್ತು. ನೀವು ನಾಚಿಕೆಯಿಂದ ಮುಚ್ಚಿಟ್ಟದ್ದನ್ನು ನಾವು ಭಕ್ತಿಯಿಂದ ಮುಚ್ಚಿಟ್ಟೆವು. ಅದರ ಕೆಳಗೆ ನಮ್ಮಪ್ಪ ಸಿಕ್ಕಿಕೊಂಡ. ಹಾಗಾಗಿ ನನ್ನ ಕೋರಿಕೆ ಒಂದೇ. ಪರದೆಯನ್ನು ಕಂಪನಿಗೆ ಕೊಡುವ ಮುಂಚೆ, ಬೆನ್ನಿನ ಒಂದು ಮೂಲೆಯಲ್ಲಿ ನಿಮ್ಮ ಕೈಯಿಂದ ಒಂದು ಸಾಲು ಬರೆಯಿರಿ, ಇವು ಗುಳಿಗೆ ನುಂಗಿದ ದಿನಗಳು ಎಂದು. ಹುಡುಗನಿಗೆ ಹೆಣ್ಣು ಸಿಗುತ್ತದೆ, ನಾನೇ ಅದಕ್ಕೆ ಸಾಕ್ಷಿ.

ನಿನ್ನೆ ಸಂಜೆ ಸಂಪಿಗೆಯನ್ನು ಪರದೆಯ ಹಿಂದೆ ಕರೆದುಕೊಂಡು ಹೋಗಿ ನಿಮ್ಮ ದನಿ ಕೇಳಿಸಿದೆ. ಏನನ್ನೂ ವಿವರಿಸಲಿಲ್ಲ. ಇಷ್ಟು ಮಾತಾಡುವವನು ಹೇಗೆ ಸುಮ್ಮನಿದ್ದೆನೋ ದೇವರಿಗೇ ಗೊತ್ತು. ಅವಳು ಚುಕ್ಕಿಗಳ ಮೇಲೆ ಬೆರಳಾಡಿಸುತ್ತ ಒಂದು ಸಾಲು ಮುಗಿಸಿದಳು, ಆ ಖಾಲಿ ಒಂಬತ್ತರ ಹತ್ತಿರ ನಿಂತಳು. ಆಮೇಲೆ, ‘ಇಷ್ಟ ವರ್ಷ ನಾವು ಗುಳಿಗಿಗೆ ದೀಪಾ ಹಚ್ಚೀವೇನಪಾ?’ ಅಂದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಆ ಬೆಳಕಲ್ಲಿ ತಿಳಿಯಲಿಲ್ಲ. ಇವತ್ತು ಬೆಳಿಗ್ಗೆ ಒಬ್ಬಳೇ ಮನಗಟ್ಟೆಗೆ ಹೋದಳು. ನಾನೂ ಬರಲೇ ಅಂದರೆ, ‘ನೀ ಬಂದ್ರ ಡಾಕ್ಟರಿಗೆ ಮಾತಾಡಾಕ ಬಿಡೂದಿಲ್ಲ, ಕುಂದ್ರು’ ಅಂದಳು. ಹೂಂ ಅನ್ನುತ್ತಾಳೋ ಇಲ್ಲವೋ, ನನಗೆ ಹೇಳಿಲ್ಲ. ಅವಳು ಬರುವ ತನಕ ಹೊತ್ತು ಕಳೆಯಲಾಗದೆ ಈ ಹಿಂದೋಲೆಗೆ ಕೂತೆ, ಮೂರು ಸಲ ಶುರು ಮಾಡಿದೆ. ಹೊರಗೆ ನೆರಳುಸಾಲು ಎಳೆಯುವ ಸದ್ದು ಕೇಳುತ್ತಿದೆ, ಒಂಬತ್ತಾಯಿತು. ಶಂಕ್ರವ್ವಜ್ಜಿ, ನೀವು ಇಂಥ ಬೆಳಗುಗಳನ್ನು ಎಷ್ಟು ಕಳೆದಿರಿ? ಆ ಕಿಟಕಿಯಲ್ಲಿ ನಿಂತು, ಕೈಯಲ್ಲಿ ಒದ್ದೆ ಬಟ್ಟೆ ಹಿಡಿದುಕೊಂಡು, ಆತ ಬೀದಿಯ ತಿರುವಿನಲ್ಲಿ ಕಾಣುವ ತನಕ...

ಬಾಗಿಲು ಸದ್ದಾಯಿತು. ಬಂದಳು. ತಾಳಿ, ಏನೋ ಕೂಗುತ್ತಿದ್ದಾಳೆ.

‘ಅಪ್ಪಾ, ಬಿಳೇ ಬಣ್ಣದ ಡಬ್ಬಿ ಎಲ್ಲಿ ಇಟ್ಟೀ?’

ಕಪಾಟಿನ ಕೆಳಗಿನ ಖಾನೆಯಲ್ಲಿದೆ, ಮುಚ್ಚಳ ಗಟ್ಟಿ, ಅವಳ ಕೈಗೆ ತೆಗೆಯಲು ಬರುವುದಿಲ್ಲ. ಮಾತು ಇಲ್ಲಿಗೆ ಇಡುತ್ತೇನೆ, ಅಜ್ಜಿ.