ಮಟ್ಟದ ಬಾವಿಗೆ ಹೋಗದವರಿಗೆ

ಹೊಳೆಸಾಲು,
ಒಣಮಾಸದ ಹನ್ನೊಂದನೆಯ ದಿನ, 2121

ಮಾನ್ಯರೇ,

ಈ ತಿಂಗಳು ನಿಮ್ಮ ಪಂಚಾಂಗದಲ್ಲಿ ಸಿಗುವುದಿಲ್ಲ. ಬೇಸಿಗೆ ಉದ್ದವಾಗುತ್ತ ಹೋಗಿ ವೈಶಾಖ, ಜ್ಯೇಷ್ಠಗಳಲ್ಲಿ ಹಿಡಿಸದಾದಾಗ ನಮ್ಮ ಹಿರಿಯರು ಅವೆರಡರ ನಡುವೆ ಇನ್ನೊಂದು ತಿಂಗಳು ಸೇರಿಸಿ ಒಣಮಾಸ ಎಂದು ಹೆಸರಿಟ್ಟರು. ಇಂಥ ಹಲವು ಮಾತುಗಳು ಈ ಪತ್ರದಲ್ಲಿ ಬರುತ್ತವೆ. ಬಂದಲ್ಲಿ ಅರ್ಥ ಹೇಳುತ್ತೇನೆ. ನನ್ನ ಕನ್ನಡ ನಿಮಗೆ ಒರಟಾಗಿ ಕೇಳಿಸಿದರೆ ತಾಳಿಕೊಳ್ಳಿ.

ನಾನು ಶಿವಲೀಲಾ ಹಂಚಿನಾಳ. ಮೂವತ್ತೆರಡು ವರ್ಷ ಮಟ್ಟಗಾರ್ತಿಯಾಗಿದ್ದು ಇಂದು ಕೆಲಸ ಬಿಡುತ್ತಿದ್ದೇನೆ. ನೆಲದೊಳಗಿನ ನೀರು ಎಷ್ಟು ಆಳದಲ್ಲಿದೆ ಎಂದು ದಿನವೂ ಅಳೆದು ಊರಿಗೆ ತಿಳಿಸುವವರು ಮಟ್ಟಗಾರರು. ಕೆಲಸ ಬಿಡುವಾಗ ತಮ್ಮ ಹಿಂದೆ ಆ ಹುದ್ದೆಯಲ್ಲಿದ್ದ ಒಬ್ಬರಿಗೆ ಪತ್ರ ಬರೆಯುವುದು ನಮ್ಮಲ್ಲಿ ಪದ್ಧತಿ. ಎಲ್ಲರೂ ತಮಗೆ ಕಲಿಸಿದವರಿಗೆ ಬರೆದು ಧನ್ಯವಾದ ಹೇಳುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ. ನೂರು ವರ್ಷದ ಹಿಂದೆ ನಮ್ಮ ಹಳೆಯ ಊರು ಎಳ್ಳುಕೊಪ್ಪದ ಬಾವಿಯ ಮಟ್ಟ ಬರೆಯುವ ಕೆಲಸ ನಿಮ್ಮದಾಗಿತ್ತು. ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನಿಮ್ಮ ಅಕ್ಷರ ಮಾತ್ರ ಗೊತ್ತು.

ನಮ್ಮ ಕಾಲದಲ್ಲಿ ಈ ಕೆಲಸಕ್ಕೆ ಎಂಥ ಮರ್ಯಾದೆ ಇದೆಯೆಂದು ನೀವು ಊಹಿಸಲಾರಿರಿ. ಮದುವೆ ಮನೆಯಲ್ಲಿ ಮಟ್ಟಗಾರ್ತಿ ಬಂದರೆ ಹಿರಿಯರೂ ಎದ್ದು ಜಾಗ ಕೊಡುತ್ತಾರೆ. ಶಾಲೆಯ ಮಕ್ಕಳು ದೇಶದ ನಕಾಶೆಗಿಂತ ಮೊದಲು ತಮ್ಮ ಊರಿನ ಕೆಳಗಿರುವ ಕಲ್ಲಿನ ಪದರ ಬರೆಯುವುದನ್ನು ಕಲಿಯುತ್ತಾರೆ. ಬೆಳಿಗ್ಗೆ ಪಂಪು ಶುರುವಾಗುವ ಮೊದಲು ನಾನು ಮಟ್ಟದ ಬಾವಿಗೆ ಹೋಗುತ್ತಿದ್ದೆ. ಅದರಿಂದ ಯಾರೂ ನೀರು ಸೇದುವುದಿಲ್ಲ, ಅದಿರುವುದು ಅಳೆಯುವುದಕ್ಕೆ ಮಾತ್ರ. ಉಕ್ಕಿನ ಟೇಪಿಗೆ ಸೀಮೆಸುಣ್ಣ ಬಳಿದು ಇಳಿಬಿಟ್ಟು, ಮೇಲೆಳೆದು, ಎಲ್ಲಿಯವರೆಗೆ ಒದ್ದೆಯಾಗಿದೆಯೋ ನೋಡಿ ಅಂಕಿಯನ್ನು ಕಟ್ಟೆಯ ಹಲಗೆಯ ಮೇಲೆ ಬರೆಯುತ್ತಿದ್ದೆ. ಅದನ್ನು ನೋಡಿಕೊಂಡೇ ಹೆಂಗಸರು ಆ ದಿನ ಬಟ್ಟೆ ಒಗೆಯಬೇಕೋ ಬೇಡವೋ ಎಂದು ತೀರ್ಮಾನಿಸುತ್ತಿದ್ದರು. ಅಕ್ಕಿ ತೊಳೆದ ನೀರಲ್ಲಿ ಪಾತ್ರೆ, ಪಾತ್ರೆ ತೊಳೆದ ನೀರಲ್ಲಿ ನೆಲ, ಉಳಿದದ್ದು ಹೀರೆಬಳ್ಳಿಗೆ. ಹೀಗೆ ಮೂರು ಸಲ ಬಳಸಿದ ನೀರನ್ನು ಬೂದಿನೀರು ಎನ್ನುತ್ತೇವೆ. ಯಾರ ಪಾಳಿ ಮೊದಲು ಎಂದು ಜಗಳ ಬಂದರೆ ಅದನ್ನು ಬಿಡಿಸುವವಳೂ ನಾನೇ. ಬೈಗುಳ ತಿಂದಿದ್ದೇನೆ, ಹಬ್ಬದ ದಿನ ಹೋಳಿಗೆಯನ್ನೂ ತಿಂದಿದ್ದೇನೆ.

ನನಗೆ ಕೆಲಸ ಕಲಿಸಿದವರು ಹಾಜಿಮಲಂಗ ನದಾಫ. ನಿಮ್ಮ ಆಫೀಸು ಮುಚ್ಚಿ ಐವತ್ತು ವರ್ಷ ಎಳ್ಳುಕೊಪ್ಪದಲ್ಲಿ ಯಾರೂ ಮಟ್ಟ ಅಳೆದಿರಲಿಲ್ಲ. ಮತ್ತೆ ಶುರು ಮಾಡಿದವರು ಅವರೇ. ಹಳೆಯ ಕಟ್ಟಡದಲ್ಲಿ ಗೆದ್ದಲು ಹಿಡಿದ ಕಾಗದಗಳ ನಡುವೆ ಅವರಿಗೆ ನಿಮ್ಮ ರಿಜಿಸ್ಟರ್ ಸಿಕ್ಕಿತು. ಆರು ವರ್ಷ, ಎಪ್ಪತ್ತೆರಡು ತಿಂಗಳು. ಪ್ರತಿ ತಿಂಗಳ ಮುಂದೆಯೂ ಒಂದೇ ಅಂಕಿ, ಹದಿನೆಂಟು ಮೀಟರ್ ನಲವತ್ತು. ಅಕ್ಷರ ಗುಂಡಗಿತ್ತು, ಒಂದು ಕಡೆಯೂ ಹೊಡೆದುಹಾಕಿರಲಿಲ್ಲ.

2096ರಲ್ಲಿ ನಮ್ಮ ಮಟ್ಟ ಇಳಿಯತೊಡಗಿತ್ತು. ಅದೇ ವರ್ಷ ಹೊಳೆಸಾಲಿನಲ್ಲಿ, ಎಂದರೆ ಹೊಳೆಯ ದಂಡೆಗೆ ಹೊಸದಾಗಿ ಕಟ್ಟಿದ ವಸತಿಯಲ್ಲಿ, ನಮ್ಮೂರಿನ ನಲವತ್ತು ಕುಟುಂಬಗಳಿಗೆ ಜಾಗ ತೆರೆಯಿತು. ಒಲ್ಲೆ ಎಂದವರಿಗೆ ಮತ್ತೆ ಸಿಗುವುದಿಲ್ಲ ಎಂದೂ ಹೇಳಿದ್ದರು. ನನ್ನ ತಂಗಿ ಸಾವಿತ್ರಿಯ ಹೆಸರು ಆ ನಲವತ್ತರಲ್ಲಿತ್ತು. ಅವಳ ಮಗಳು ದಾನೇಶ್ವರಿಗೆ, ನಮ್ಮ ದಾನುವಿಗೆ, ಆಗ ನಾಲ್ಕು ವರ್ಷ. ನಮ್ಮಿಬ್ಬರ ಮನೆಗಳ ನಡುವೆ ಒಂದೇ ಗೋಡೆ. ಬೆಳಿಗ್ಗೆ ಅವಳು ರೊಟ್ಟಿ ಬಡಿಯುವ ಸದ್ದಿಗೇ ನನಗೆ ಎಚ್ಚರವಾಗುತ್ತಿತ್ತು. ಮಟ್ಟಗಾರ್ತಿಯಾದವಳು ಕೊನೆಯ ಮನೆ ಖಾಲಿಯಾಗುವವರೆಗೆ ಊರು ಬಿಡುವಂತಿಲ್ಲ. ಸಾವಿತ್ರಿ ಹೋದರೆ ನನ್ನವರು ಎನ್ನುವವರು ಅಲ್ಲಿ ಉಳಿಯುತ್ತಿರಲಿಲ್ಲ.

ಇಂಥ ಸಂದರ್ಭದಲ್ಲಿ ಮಟ್ಟಗಾರ್ತಿ ಊರಿಗೆ ಉಳಿವಿನ ಮಾತು ಕೊಡಬೇಕು. ಇನ್ನೆಷ್ಟು ವರ್ಷ ನೀರು ಸಿಗುತ್ತದೆ ಎಂದು ಲೆಕ್ಕ ಹಾಕಿ, ಸಭೆಯಲ್ಲಿ ಎದ್ದು ನಿಂತು ಹೇಳುವ ಮಾತು ಅದು. ನದಾಫರೂ ನಾನೂ ಅಳೆದ ವರ್ಷಗಳನ್ನಷ್ಟೇ ಹಿಡಿದರೆ ಮೂರು ವರ್ಷ ಬರುತ್ತಿತ್ತು. ನಿಮ್ಮ ಆರು ವರ್ಷ ಸೇರಿಸಿದರೆ ಎಂಟಾಗುತ್ತಿತ್ತು. ಇಷ್ಟು ಜನ ಸೇದಿದರೂ ಆರು ವರ್ಷ ಮಟ್ಟ ಅಲುಗಿಲ್ಲವೆಂದರೆ ಕೆಳಗೆ ಎಲ್ಲೋ ದೊಡ್ಡ ಸೆಲೆ ಇರಬೇಕು, ಮಟ್ಟ ಕುಸಿದಾಗ ಅದು ಬಂದು ತುಂಬುತ್ತದೆ ಎಂದು ನಾನು ವಾದ ಕಟ್ಟಿದೆ. ಆಗ ನದಾಫರು ನಿವೃತ್ತರಾಗಿದ್ದರು, ಕಣ್ಣು ಮಂಜಾಗಿತ್ತು. ಸಭೆಯ ಹಿಂದಿನ ದಿನ ಕೋಲೂರಿಕೊಂಡು ಆಫೀಸಿಗೆ ಬಂದು ನನ್ನ ಲೆಕ್ಕವನ್ನು ಓದಿಸಿ ಕೇಳಿದರು. 

"ನೀರು ಆರು ವರ್ಷ ನಿಂತಲ್ಲೇ ನಿಲ್ಲಂಗಿಲ್ಲವ್ವ," ಎಂದರು. "ಮಳಿ ಬಂದ್ರ ಏರತೈತಿ, ಬ್ಯಾಸಗ್ಯಾಗ ಇಳೀತೈತಿ. ಇದನ್ನ ಬರದಾಂವ ಬಾವಿ ನೋಡಿಲ್ಲ."

ನೋಡಿಲ್ಲ ಎಂದು ಹೇಗೆ ಹೇಳುತ್ತೀರಿ, ಸರ್ಕಾರಿ ದಾಖಲೆ ಅಲ್ಲವೇ ಎಂದು ನಾನು ವಾದಿಸಿದೆ. ಅವರು ಕೋಲೂರಿಕೊಂಡು ಎದ್ದು ಹೋದರು. ಅದೇ ಸಂಜೆ ಸಾವಿತ್ರಿ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದು ಹೊಸ್ತಿಲ ಮೇಲೆ ಕುಳಿತಳು.

"ಇರಬೇಕೋ ಹೋಗಬೇಕೋ, ನೀ ಹೇಳಿದಂಗ ಮಾಡ್ತೀವಿ ಅಕ್ಕಾ."

"ಇರು. ಎಂಟು ವರ್ಷದ ನೀರೈತಿ," ಎಂದೆ.

ಮಾರನೆಯ ದಿನ ಸಭೆಯಲ್ಲೂ ಅದನ್ನೇ ಹೇಳಿದೆ. ನಲವತ್ತರಲ್ಲಿ ಮೂವತ್ತೊಂದು ಕುಟುಂಬಗಳು ಹೊಳೆಸಾಲಿನ ಜಾಗ ಬಿಟ್ಟುಕೊಟ್ಟವು.

ಮೂರನೆಯ ವರ್ಷದ ಚೈತ್ರದಲ್ಲಿ ಒಂದೇ ವಾರಕ್ಕೆ ಮಟ್ಟ ನಾಲ್ಕು ಮೀಟರ್ ಕುಸಿಯಿತು. ಕೆಳಗೆ ಯಾವ ಸೆಲೆಯೂ ಇರಲಿಲ್ಲ. ಆಮೇಲೆ ಬಂದದ್ದು ಕಹಿನೀರು, ತಳದ ಕಲ್ಲಿನ ವಿಷ ಕರಗಿದ ನೀರು. ಒಳ್ಳೆಯ ನೀರನ್ನು ಮಕ್ಕಳಿಗೆಂದು ತಲೆಗೆ ಎರಡು ಲೋಟದಂತೆ ಹಂಚಿದೆ. ಸಾಲಲಿಲ್ಲ. ದಾನುವಿನ ಕಾಲು ಅದಾಗಲೇ ಬಾಗತೊಡಗಿತ್ತು. ಸಾವಿತ್ರಿ ಮಗಳ ಪಾಲು ಹೆಚ್ಚಲೆಂದು ತಾನು ಕಹಿನೀರನ್ನೇ ಕುಡಿಯುತ್ತಿದ್ದಳಂತೆ. ಅವಳ ಮುಖ ಊದಿಕೊಂಡ ಮೇಲೆ ನನಗೆ ತಿಳಿಯಿತು. ಅಷ್ಟು ಹತ್ತಿರವಿದ್ದೂ ತಿಳಿದಿರಲಿಲ್ಲ.

ಒಣಮಾಸದಲ್ಲಿ ಪಂಪುಗಳಿಗೆ ಮುದ್ರೆ ಹಾಕಿ ಊರು ಬಿಟ್ಟೆವು. ಇದ್ದ ಎರಡು ಗಾಡಿಗಳಲ್ಲಿ ಮುದುಕರನ್ನೂ ಬಾಣಂತಿಯರನ್ನೂ ಕೂರಿಸಿ ಉಳಿದವರು ನಡೆದೆವು. ಸಾವಿತ್ರಿಯ ಗಂಡ ಬಸಲಿಂಗ ಮಗಳನ್ನು ಹೆಗಲ ಮೇಲೆ ಹೊತ್ತಿದ್ದ. ಗಾಡಿ ಹತ್ತು ಎಂದರೆ ಸಾವಿತ್ರಿ ಕೇಳಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಒಣಗಿದ ಹಳ್ಳದ ಸೇತುವೆಯ ಕೆಳಗೆ ನೆರಳಿಗೆ ನಿಂತಾಗ ಅವಳು ಕುಳಿತವಳು ಏಳಲಿಲ್ಲ. ನಾನು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ.

"ಸಿಟ್ಟಿಲ್ಲ ಅಕ್ಕಾ," ಎಂದಳು. "ಖರೆ ಹೇಳು, ನಿನಗ ಗೊತ್ತಿತ್ತೇನು?"

"ಇಲ್ಲ," ಎಂದೆ.

ಗೊತ್ತಿರಲಿಲ್ಲ ಎಂಬುದು ನಿಜ. ಅನುಮಾನವಿತ್ತು ಎಂಬುದೂ ನಿಜ. ಎರಡನೆಯದನ್ನು ಹೇಳಲು ಬಾಯಿ ಬರಲಿಲ್ಲ. ಅವಳು ನನ್ನ ಕೈ ಹಿಡಿದುಕೊಂಡೇ ಹೋದಳು. ಆ ದಾರಿಯಲ್ಲಿ ಹನ್ನೊಂದು ಜನರನ್ನು ಮಣ್ಣು ಮಾಡಿದೆವು.

ಹೊಳೆಸಾಲಿಗೆ ಬಂದು, ಬಿಟ್ಟುಕೊಟ್ಟ ಮನೆಗಳು ಸಿಗದೆ ಅದರ ಅಂಚಿನಲ್ಲಿ ಗುಡಿಸಲು ಹಾಕಿಕೊಂಡ ಮೇಲೆ, ನನ್ನನ್ನು ಕೆಲಸದಿಂದ ತೆಗೆಯಿರಿ ಎಂದು ಬೇಡಿಕೊಂಡೆ. ಟೇಪು ಹಿಡಿಯಬಲ್ಲವರು ಬೇರೆ ಯಾರೂ ಇಲ್ಲವೆಂದು ಉಳಿಸಿಕೊಂಡರು. ಅಂದಿನಿಂದ ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಇಲ್ಲಿನ ಮಟ್ಟದ ಬಾವಿಗೆ ಹೋಗದೆ ಅಂಕಿ ಬರೆದಿಲ್ಲ. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ. ಬೇರೇನು ಮಾಡಬೇಕೋ ತಿಳಿಯಲಿಲ್ಲ.

ಬಸಲಿಂಗ ಹೆಚ್ಚು ದಿನ ಬದುಕಲಿಲ್ಲ. ದಾನು ನನ್ನ ಬಳಿ ಬೆಳೆದಳು. ಹದಿನೆಂಟು ತುಂಬಿದಾಗ ಕೆಲಸದ ಅರ್ಜಿಯಲ್ಲಿ ಅವಳು ಮಟ್ಟಗಾರ್ತಿ ಎಂದು ಬರೆದದ್ದನ್ನು ನೋಡಿದೆ. ಬೇಡ ಎಂದು ಗೋಗರೆದೆ. ಕೇಳದಿದ್ದಾಗ ನದಾಫರ ಎಚ್ಚರಿಕೆ, ನನ್ನ ಲೆಕ್ಕ, ಸೇತುವೆಯ ಕೆಳಗೆ ಅವಳ ತಾಯಿಗೆ ಹೇಳದೆ ಬಿಟ್ಟದ್ದು, ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಹದಿನೈದು ದಿನ ನನ್ನೊಡನೆ ಮಾತಾಡಲಿಲ್ಲ. ತನ್ನ ರೊಟ್ಟಿ ತಾನೇ ಮಾಡಿಕೊಂಡಳು. ಒಂದು ಬೆಳಿಗ್ಗೆ ಬಾಗಿದ ಕಾಲಿಗೆ ಪಟ್ಟಿ ಕಟ್ಟಿಕೊಳ್ಳುತ್ತ, ನನ್ನತ್ತ ನೋಡದೆ ಮಾತು ತೆಗೆದಳು.

"ಎಣಿಸಾಕ ನಿನಗ ಹಳೇ ವರ್ಷದ ಖರೇ ಅಂಕಿ ಯಾರೂ ಬಿಟ್ಟಿದ್ದಿಲ್ಲ ದೊಡ್ಡವ್ವ. ನಾ ಬಿಟ್ಟು ಹೋಗ್ತೀನಿ."

ಈಗ ಅವಳು ಹದಿನಾಲ್ಕು ಖಾಲಿ ಊರುಗಳ ಬಾವಿ ಅಳೆಯುತ್ತಾಳೆ. ಅಲ್ಲಿ ಯಾರೂ ಇಲ್ಲ. ಮುಂದೆ ಯಾರಾದರೂ ಬಂದು ನೆಲೆಸುವುದಾದರೆ ಬೇಕಾಗುತ್ತದೆ ಎನ್ನುತ್ತಾಳೆ. ನನ್ನನ್ನು ಕ್ಷಮಿಸಿದ್ದಾಳೋ ಇಲ್ಲವೋ ನಾನು ಕೇಳಿಲ್ಲ.

ನಿಮ್ಮ ಮೇಲೆ ಎಲ್ಲ ತಪ್ಪು ಹೊರಿಸಿ ನಾನು ಹಗುರಾಗಲಾರೆ. ಬಾವಿ ದೂರವಿದ್ದಿರಬಹುದು, ಬಿಸಿಲಿದ್ದಿರಬಹುದು, ನಿಮ್ಮ ಮೇಲಿನವರು ಒಂದು ದಿನವೂ ಆ ರಿಜಿಸ್ಟರ್ ತೆರೆದು ನೋಡಿರಲಿಕ್ಕಿಲ್ಲ. ಯಾರಿಗೂ ಬೇಡದ ಕೆಲಸ ಎಂದು ನಿಮಗೆ ಅನ್ನಿಸಿದ್ದರೆ ಅದು ನನಗೆ ಅರ್ಥವಾಗುತ್ತದೆ. ನೀವು ಬರೆದದ್ದು ಸುಳ್ಳು, ನಾನು ಅದನ್ನು ನಂಬಬೇಕೆಂದುಕೊಂಡು ನಂಬಿದೆ.

ಆದರೂ ಒಂದು ಕೇಳಿಕೆ ಇದೆ. ಈ ತಿಂಗಳು ಎದ್ದು ಬಾವಿಯವರೆಗೆ ಹೋಗಿ ಬನ್ನಿ. ಅಲ್ಲಿ ಕಂಡದ್ದನ್ನು ಬರೆಯಿರಿ. ಹೋಗಲಾಗದಿದ್ದರೆ ಹೋಗಲಿಲ್ಲ ಎಂದು ಬರೆಯಿರಿ, ಅಷ್ಟಾದರೂ ಸಾಕು. ನಿಮ್ಮ ಹುದ್ದೆ ಬಿಡುವುದಾದರೆ ಇಂಥ ಕೆಲಸ ಇದೆ, ಇದು ಬೇಕಾದ ಕೆಲಸ ಎಂದು ಇನ್ನೊಬ್ಬರಿಗೆ ಹೇಳಿ ಬಿಡಿ.

ನಿಮ್ಮನ್ನು ಕ್ಷಮಿಸಿದ್ದೇನೆ ಎಂದು ಬರೆಯಬೇಕೆಂದು ಬೆಳಿಗ್ಗೆಯಿಂದ ಕುಳಿತಿದ್ದೇನೆ. ಕೈ ಓಡುತ್ತಿಲ್ಲ. ನೀವು ಹೋಗಿ ನೋಡಿ ಬಂದರೆ ಕ್ಷಮಿಸುವ ಪ್ರಸಂಗವೇ ಬರುವುದಿಲ್ಲ. ನಾನು ಈ ಪತ್ರ ಬರೆದಿರುವುದಿಲ್ಲ. ಸಾವಿತ್ರಿ ಇಲ್ಲೇ ಹೊಳೆಯ ದಂಡೆಗೆ, ತಲೆ ನರೆತು, ಉಪ್ಪು ಹೆಚ್ಚಾಯಿತೆಂದು ನನ್ನ ಸಾರನ್ನು ಬೈಯುತ್ತ ಕುಳಿತಿರುತ್ತಾಳೆ.

ನಿಮ್ಮ ಹುದ್ದೆಯಲ್ಲಿ ನಿಮ್ಮ ನಂತರ ಬಂದವಳು,
ಶಿವಲೀಲಾ ಹಂಚಿನಾಳ