ಇಡ್ಲಿಯ ನೀರಿನ ಬಟ್ಟಲು

ವೆಸ್ಟ್ ಕೊವಿನಾ
ಮಾರ್ಚ್ ೧೪, ೨೦೨೩

ಮೀರಾ ಮೆಸಾದ ಸಿಂಧೂರ ಪುಟ್ಟಿಗೆ, ಕಪ್ಪೆ ಅಂಗಡಿಯ ನೀಲಕಂಠಪ್ಪ ಅಂಕಲ್ ಬರೆಯುವುದು.

ಇದನ್ನು ಅಮ್ಮ ಓದಿ ಹೇಳಲಿ. ನಿನಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ನನಗೆ ಇಂಗ್ಲಿಷ್ ಬರುತ್ತದೆ, ಆದರೆ ಅದು ಕೌಂಟರಿನ ಹಿಂದೆ ನಿಂತು ಕಲಿತದ್ದು. ಅದರಲ್ಲಿ ವ್ಯಾಪಾರ ಮಾಡಬಲ್ಲೆ. ತಪ್ಪು ಒಪ್ಪಿಕೊಳ್ಳಲು ಕಲಿಯಲಿಲ್ಲ.

ನಿನ್ನೆ ಫೋನಿನಲ್ಲಿ ನೀನು ಕೇಳಿದ್ದು ಒಂದೇ ಮಾತು: “ಅಂಕಲ್, ವಾಸ್ ಇಟ್ ಮೀ?” ಗುರುವಾರ ನೀನು ಈಜು ಕ್ಲಾಸಿಗೆಂದು ಕಾರ್ಮೆಲ್ ವ್ಯಾಲಿಗೆ ಹೋದೆ, ಬಟ್ಟಲಿನ ನೀರು ಬದಲಿಸಲಿಲ್ಲ, ಶನಿವಾರ ಬೆಳಿಗ್ಗೆ ನಿನ್ನ ಕಪ್ಪೆ ಇಡ್ಲಿ ಅಲುಗಲಿಲ್ಲ. ನಿನ್ನಿಂದಲೇ ಸತ್ತಿತು ಎಂದು ನಿನ್ನ ಲೆಕ್ಕ. ಮಾತಿನಿಂದಲೇ ಅಂಗಡಿ ಕಟ್ಟಿದ ನಾನು “ಇಲ್ಲ ಪುಟ್ಟಿ, ಇಲ್ಲ” ಎಂದಷ್ಟೇ ಹೇಳಿ ಫೋನ್ ಇಟ್ಟೆ. ಅದು ನನ್ನ ಎರಡನೇ ತಪ್ಪು. ಮೊದಲನೆಯದಕ್ಕೆ ಮೂರು ವಾರವಾಯಿತು.

ನೆನಪಿದೆಯಲ್ಲ? ಅಂಗಡಿಗೆ ಬಂದವಳು ಹಸಿರು ಮರಗಪ್ಪೆಯನ್ನು ನೋಡಿ, ದಪ್ಪಗೆ ಮೆತ್ತಗಿದೆ ಎಂದು ಅಲ್ಲೇ ಇಡ್ಲಿ ಎಂದು ಹೆಸರಿಟ್ಟೆ. ನಾನು ಸುಮ್ಮನಿರಬೇಕಿತ್ತು. ಪಕ್ಕದ ಟ್ಯಾಂಕಿನ ಕೆಂಪು ಹೊಟ್ಟೆಯ ಪುಟ್ಟ ಕಪ್ಪೆಯನ್ನು ತೋರಿಸಿ, “ಇಡ್ಲಿ ಒಂದ ಒಯ್ತಿಯೇನು? ಚಟ್ನಿ ಬ್ಯಾಡೇನು?” ಅಂದೆ. ನೀನು ನಕ್ಕೆ, ಅದಕ್ಕೆ ಚಟ್ನಿ ಎಂದೇ ಹೆಸರಾಯಿತು. ನಿನ್ನ ಅಮ್ಮ ಪ್ರಣತಿಗೆ ಮಾತ್ರ ಅನುಮಾನ. “ಬೇರೆ ಬೇರೆ ಥರದ್ದು ಒಟ್ಟಿಗೆ ಇಟ್ರೆ ತೊಂದ್ರೆ ಆಗಲ್ವಾ ಅಂಕಲ್?” ಎಂದು ಕೇಳಿದಳು. ಅವಳು ಕೇಳಿದ್ದು ಸರಿಯಾದ ಪ್ರಶ್ನೆ. ನನ್ನ ಉತ್ತರ ನೋಡು: “ಅಡ್ಜಸ್ಟ್ ಆಗ್ತಾವ ಬಿಡವಾ. ಈ ದೇಶಕ್ಕ ಬಂದಾಗ ನಾವು ಐದು ಮಂದಿ ಒಂದ ಅಪಾರ್ಟ್‌ಮೆಂಟಿನ್ಯಾಗ ಇದ್ದಿಲ್ಲೇನು?”

ಇದ್ದೆವು, ನಿಜ. ಒಬ್ಬನಿಗೆ ಫ್ಯಾನ್ ಬೇಕು, ಇನ್ನೊಬ್ಬನಿಗೆ ಚಳಿ. ಆದರೆ ನಮಗೊಂದು ಬಾಗಿಲಿತ್ತು ಪುಟ್ಟಿ. ಸಾಕಾದಾಗ ಹೊರಗೆ ಹೋಗಿ ನಿಲ್ಲುತ್ತಿದ್ದೆವು. ಆರು ತಿಂಗಳಿಗೆ ನಾನು ಮನೆಯನ್ನೇ ಬಿಟ್ಟೆ. ಗಾಜಿನ ಪೆಟ್ಟಿಗೆಯಲ್ಲಿರುವ ಕಪ್ಪೆ ಎಲ್ಲಿಗೆ ಹೋದೀತು?

ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ. ಬಟ್ಟಲಲ್ಲಿ ಕೂತು ಚರ್ಮದಿಂದ ಹೀರಿಕೊಳ್ಳುತ್ತದೆ. ಚಟ್ನಿಯಂಥ ಕಪ್ಪೆ ತನ್ನನ್ನು ಕಾಪಾಡಿಕೊಳ್ಳಲು ಚರ್ಮದಿಂದ ವಿಷ ಬಿಡುತ್ತದೆ. ಅದು ಚಟ್ನಿಯ ದುಷ್ಟತನವಲ್ಲ, ಹುಟ್ಟುಗುಣ. ಅದು ಕೂತೆದ್ದ ನೀರಿನಲ್ಲೇ ಇಡ್ಲಿಯೂ ಕೂತಿತು. ಅದೊಂದೇ ಕಾರಣ ಎಂದು ಪ್ರಮಾಣ ಮಾಡಲಾರೆ. ಇಡ್ಲಿಗೆ ಬೇಕಾದದ್ದು ಬೆಚ್ಚನೆಯ ಕೊಂಬೆ, ಚಟ್ನಿಗೆ ಬೇಕಾದದ್ದು ತಂಪು ನೀರು. ಒಂದೇ ಪೆಟ್ಟಿಗೆಯಲ್ಲಿ ಎರಡಕ್ಕೂ ನೆಮ್ಮದಿ ಇರಲಿಲ್ಲ. ಆದರೆ ಇಷ್ಟು ಹೇಳಬಲ್ಲೆ: ಇಡ್ಲಿ ಒಂದೇ ಇದ್ದಿದ್ದರೆ, ಒಂದು ದಿನ ನೀರು ಬದಲಿಸದಿದ್ದದ್ದಕ್ಕೆ ಸಾಯುತ್ತಿರಲಿಲ್ಲ.

ಇನ್ನು ಚಟ್ನಿಯ ಮಾತು. ನಿನಗೆ ಅದನ್ನು ನೋಡಲಾಗುತ್ತಿಲ್ಲ, ಬರುವ ಶನಿವಾರ ಮನೆಯ ಹಿಂದಿನ ಕಣಿವೆಯಲ್ಲಿ ಬಿಟ್ಟುಬರುತ್ತೇವೆ ಎಂದಳು ಅಮ್ಮ. ಪ್ರಣತಿ, ದಯವಿಟ್ಟು ಬೇಡ. ಅದು ಅಲ್ಲಿಯದಲ್ಲ. ಬದುಕದೆ ಸತ್ತರೆ ಒಂದು ಸಂಕಟ. ಅಂಗಡಿಯ ರೋಗವನ್ನು ಅಲ್ಲಿನ ಕಪ್ಪೆಗಳಿಗೆ ಅಂಟಿಸಿದರೆ ಅದಕ್ಕಿಂತ ದೊಡ್ಡ ಸಂಕಟ. ಶುಕ್ರವಾರ ನಾನೇ ಡ್ರೈವ್ ಮಾಡಿಕೊಂಡು ಬರುತ್ತೇನೆ, ಹೊಸ ಟ್ಯಾಂಕ್ ತರುತ್ತೇನೆ. ಆಮೇಲೆ ಹಳೆಯದನ್ನು ತೊಳೆಯದೆ ಹಾಗೇ ಬಳಸಬೇಡಿ. ಚಟ್ನಿಯನ್ನು ಇಟ್ಟುಕೊಳ್ಳುತ್ತೀಯೋ, ನನ್ನ ಜೊತೆ ಕಳಿಸುತ್ತೀಯೋ, ನಿನ್ನ ಇಷ್ಟ ಸಿಂಧೂರ. ಅಲ್ಲಿಯವರೆಗೆ ದಿನಾ ನೀರು ಬದಲಿಸು, ಕೈ ತೊಳೆದುಕೋ. ಪಾಪ, ಒಂಟಿಯಾಗಿದೆ ಎಂದು ಇನ್ನೊಂದನ್ನು ಮಾತ್ರ ತರಬೇಡ. ಒಂಟಿ ಅನ್ನಿಸುವುದು ನಮಗೆ. ಅದಕ್ಕೆ ಬೇಕಾದದ್ದು ಅಡಗಲು ಒಂದು ಮೂಲೆ, ತಿನ್ನಲು ಹುಳು.

ನಿನ್ನ ಕ್ಲಾಸಿನ ವಿಕಾಸ್ ಮೂರು ಬಣ್ಣದ ಕಪ್ಪೆಗಳನ್ನು ಒಂದೇ ಟ್ಯಾಂಕಿನಲ್ಲಿ ಇಡುತ್ತಾನಂತೆ, ಫೋಟೋದಲ್ಲಿ ನೋಡಿದ್ದಾನಂತೆ. ಫೋಟೋ ತೆಗೆದ ಮಾರನೆಯ ದಿನ ಏನಾಯಿತು ಎಂದು ಫೋಟೋ ಹೇಳುವುದಿಲ್ಲ ಎಂದು ಅವನಿಗೆ ಹೇಳು. ಹೊಸಬರು ಒಂದು ಟ್ಯಾಂಕಿಗೆ ಒಂದೇ ಬಗೆಯ ಕಪ್ಪೆ ಸಾಕಬೇಕು, ಅದೂ ಒಂದೇ ಅಳತೆಯವು. ಇಲ್ಲದಿದ್ದರೆ ದೊಡ್ಡದು ಸಣ್ಣದನ್ನೇ ನುಂಗೀತು.

ಅಂಗಡಿಯಿಂದ ಹೋದ ಪ್ರತಿ ಕಪ್ಪೆಗೂ ನನ್ನ ನೋಟ್‌ಬುಕ್ಕಿನಲ್ಲಿ ಒಂದು ಸಾಲಿದೆ: ಯಾವುದು, ಎಷ್ಟು ತೂಕ, ಯಾರ ಮನೆಗೆ. ನಿನ್ನೆ ಫೋನ್ ಇಟ್ಟ ಮೇಲೆ ತೆಗೆದು ನೋಡಿದೆ. ನಿಮ್ಮ ಮನೆಯ ಸಾಲಿನಲ್ಲಿ ‘ಎರಡೂ ಒಂದೇ ಟ್ಯಾಂಕಿಗೆ’ ಎಂದು ನನ್ನದೇ ಕೈಬರಹ. ಬರೆಯುವಾಗಲೂ ಕೈ ತಡೆಯಲಿಲ್ಲ. ಸತ್ತರೆ ಕಾರಣ ಬರೆಯಲು ಕೊನೆಯಲ್ಲಿ ಜಾಗ ಬಿಟ್ಟಿರುತ್ತೇನೆ. ಮೊದಲು ‘ಗೊತ್ತಿಲ್ಲ’ ಎಂದು ಬರೆದೆ. ಆಮೇಲೆ ಅದನ್ನು ಹೊಡೆದುಹಾಕಿ ‘ನೀಲಕಂಠಪ್ಪನ ಮಾತು’ ಎಂದು ಬರೆದೆ. ಶುಕ್ರವಾರ ಆ ಪುಸ್ತಕವನ್ನೂ ತರುತ್ತೇನೆ. ನೀನೇ ಕಣ್ಣಾರೆ ನೋಡು, ನಿನ್ನ ಹೆಸರು ಅಲ್ಲಿಲ್ಲ.

ನಿನ್ನ ಕೈಯಲ್ಲಿ ಬೆಳೆದ ಜೀವಗಳೆಲ್ಲ ತಂಪಾಗಿರಲಿ, ನೀನೂ ತಂಪಾಗಿರು.

ನಿನ್ನ ಪ್ರಶ್ನೆಗೆ ಒಂದು ದಿನ ತಡವಾಗಿ ಉತ್ತರ ಕೊಟ್ಟ,
ನೀಲಕಂಠಪ್ಪ ಅಂಕಲ್