ಇರುವೆ, ಜೇನು, ಚೇಳು

ಭಾನುವಾರ, ಊಟವಾದ ಮೇಲೆ

ನನ್ನ ಕಿವುಡು ತಂಗಿಗೆ,

ಅಕ್ಕನ ಆಶೀರ್ವಾದ. ನಿನ್ನ ಎರಡೂ ಪತ್ರ ತಲುಪಿವೆ. ಒಂದಕ್ಕೂ ಉತ್ತರ ಬರೆಯಲಿಲ್ಲ. ಅಕ್ಕ ಇದ್ದಾಳೋ ಹೋದಳೋ ಎಂದು ಎರಡನೆಯದರಲ್ಲಿ ಕೇಳಿದ್ದೀಯ. ಇದ್ದೇನೆ. ಮಂಡಿ ಮಾತ್ರ ಹೋಗಿದೆ. ಪುರುಸೊತ್ತಿರಲಿಲ್ಲ ಎಂದು ಹೇಳುವುದಿಲ್ಲ. ಬರೆಯಲು ಕೂತಾಗಲೆಲ್ಲ ಕೈ ಓಡಲಿಲ್ಲ, ಅದಕ್ಕೆ ತಪ್ಪಾಯಿತು. ಫೋನು ಮಾಡಿದರೆ ನಾನು ಕೂಗಿದ್ದು ನಿನ್ನ ಬೀದಿಗೆಲ್ಲ ಕೇಳಿಸುತ್ತದೆ, ನಿನ್ನೊಬ್ಬಳಿಗೆ ಬಿಟ್ಟು. ಅಕ್ಷರ ದೊಡ್ಡದಾಗಿ ಬರೆದಿದ್ದೇನೆ. ಕನ್ನಡಕ ಹಾಕಿಕೊಂಡು ನೀನೇ ಓದು. ಸೊಸೆಯ ಕೈಲಿ ಓದಿಸಬೇಡ.

"ಗೊಂಬೆ ಆಡಿಸೋದಕ್ಕೂ ಆಸ್ಪತ್ರೇಲಿ ಸಂಬಳ ಕೊಡ್ತಾರಾ" ಎಂದು ನಿನ್ನ ಯಜಮಾನರು ನಕ್ಕರಂತೆ. ನಗಲಿ. ನಾನೂ ಮೊದಲು ನಕ್ಕಿದ್ದೆ. ಮಕ್ಕಳ ಆಸ್ಪತ್ರೆಯಲ್ಲಿ ಇಷ್ಟು ವರ್ಷ ನೆಲ ಒರೆಸಿದವಳನ್ನು ಕರೆದು, "ಅಜ್ಜಿ, ಮಕ್ಕಳು ನಿಮ್ಮ ಮಾತು ಕೇಳ್ತವೆ, ನಮ್ಮ ಜೊತೆ ಒಂದಷ್ಟು ತಿಂಗಳು ಕೆಲಸ ಕಲೀರಿ" ಎಂದರೆ ಇನ್ನೇನು ಮಾಡಲಿ? ಐದನೇ ಕ್ಲಾಸಿಗೇ ಸ್ಲೇಟು ಬಿಸಾಕಿದವಳು ನಾನು. ಕುತ್ತಿಗೆಗೆ ಒಂದು ಕಾರ್ಡು ತೂಗುಹಾಕಿದರು, ಚೈಲ್ಡ್ ಲೈಫ್ ಟ್ರೇನಿ ಎಂದು. ಕಲಿಸುವ ಮೇಡಂಗೆ ನನ್ನ ಅರ್ಧ ವಯಸ್ಸು. ಮಕ್ಕಳು ಮಾತ್ರ ಕಾರ್ಡು ನೋಡಲಿಲ್ಲ. ಮೊದಲಿನ ಹಾಗೆ ಪೊರಕೆ ಅಜ್ಜಿ ಎಂದೇ ಕರೆದವು.

ಕೆಲಸ ಇಷ್ಟೇ. ಮಗುವಿಗೆ ಸೂಜಿ ಚುಚ್ಚುವ ಮುಂಚೆ, ಮೂಗಿಗೆ ಟ್ಯೂಬು ಹಾಕುವ ಮುಂಚೆ ಅದಕ್ಕೆ ತಿಳಿಸಿ ಹೇಳಬೇಕು. ಕಣ್ಣು ಮೂಗು ಇಲ್ಲದ ಬಟ್ಟೆ ಗೊಂಬೆ ಕೊಡುತ್ತಾರೆ. ಮುಖವನ್ನು ಮಗುವೇ ಬರೆದುಕೊಳ್ಳುತ್ತದೆ. ಮೊದಲು ಗೊಂಬೆಗೆ ಸೂಜಿ, ಆಮೇಲೆ ಮಗುವಿಗೆ. ಏನಾಗುತ್ತೆ, ಹೇಗನಿಸುತ್ತೆ, ಯಾರು ಪಕ್ಕದಲ್ಲಿರ್ತಾರೆ, ಈ ಮೂರನ್ನು ನಿಜವಾಗಿ ಹೇಳಿದರೆ ಮಗು ಅರ್ಧ ಹೆದರಿಕೆ ಬಿಡುತ್ತದೆ ಎಂದು ಮೇಡಂ ಹೇಳಿಕೊಟ್ಟರು. "ಏನೂ ಆಗಲ್ಲ ಪುಟ್ಟಾ" ಅನ್ನಲೇಬಾರದಂತೆ. ಇದು ನನಗೆ ನೀರು ಕುಡಿದಷ್ಟು ಸುಲಭವಾಯಿತು. ನಯವಾಗಿ ಮಾತಾಡಲು ನನಗೆ ಯಾವತ್ತು ಬಂದಿತ್ತು? ನಿನ್ನ ಮದುವೆಯ ದಿನ ನಿನ್ನತ್ತೆಗೆ ನಾನಂದದ್ದನ್ನು ಅವರು ಸಾಯುವ ತನಕ ಮರೆಯಲಿಲ್ಲ.

ಕಿಟಕಿ ಪಕ್ಕದ ಮಂಚದಲ್ಲಿ ಒಬ್ಬಳು ಹುಡುಗಿ ಇದ್ದಳು. ಎಂಟು ವರ್ಷ. ರಕ್ತದ ಕಾಯಿಲೆ. ಡಾಕ್ಟರನ್ನೂ ಬಿಡದೆ ಅಡ್ಡಪ್ರಶ್ನೆ ಹಾಕುತ್ತಿದ್ದಳು, ಅದಕ್ಕೆ ನಾನು ವಕೀಲಮ್ಮ ಎಂದು ಹೆಸರಿಟ್ಟೆ. ಅವಳಪ್ಪ ಬೀಗ ರಿಪೇರಿ ಮಾಡುವವನು, ಉಗುರಿನ ಸಂದಿಯೆಲ್ಲ ಕಪ್ಪು. ತಾಯಿ ಬಾಯಿಲ್ಲದ ಹೆಂಗಸು, ಮಂಚದ ಕಂಬಿ ಹಿಡಿದು ನಿಂತರೆ ಸಂಜೆಯವರೆಗೂ ನಿಂತೇ ಇರುತ್ತಿದ್ದಳು. ಗೊಂಬೆಯ ಮುಖ ಬರೆದ ದಿನ ನಾನು ತಲೆಗೆ ಕೂದಲು ಬರೆಯಲು ಹೋದೆ. "ಬೇಡ. ನನಗಿಲ್ಲ, ಅವಳಿಗ್ಯಾಕೆ" ಎಂದು ಪೆನ್ನು ಕಿತ್ತುಕೊಂಡಳು.

ನೋವಿಗೆ ಅಳತೆ ಇಟ್ಟವಳೂ ಅವಳೇ. ಪ್ರತಿ ಸೂಜಿಗೂ ಮೊದಲು ನನ್ನ ಕಿರುಬೆರಳು ಹಿಡಿದು ವಿಚಾರಣೆ.

"ಪೊರಕೆ ಅಜ್ಜಿ, ಇದು ಇರುವೆಯಾ, ಜೇನಾ, ಚೇಳಾ?"

"ಜೇನು."

"ದೊಡ್ಡ ಜೇನಾ?"

"ದೊಡ್ಡದೇ. ಹತ್ತು ಎಣಿಸೋದ್ರೊಳಗೆ ಹಾರಿಹೋಗುತ್ತೆ."

"ಹೋಗ್ಲಿಲ್ಲ ಅಂದ್ರೆ?"

"ನನ್ನ ಬೆರಳು ಕಚ್ಚು."

ಒಮ್ಮೆ ಕಚ್ಚಿಯೂ ಕಚ್ಚಿದಳು. ಗುರುತು ಇನ್ನೂ ಇದೆ. ಅಳಲಿಲ್ಲ ಮಾತ್ರ. "ಈ ಅಜ್ಜಿ ಬೈತಾಳೆ, ಆದ್ರೆ ಸುಳ್ಳು ಹೇಳಲ್ಲ" ಎಂದು ಪಕ್ಕದ ಮಂಚದ ಹುಡುಗನಿಗೆ ನನ್ನ ಮುಂದೆಯೇ ಹೇಳಿದಳು. ನನಗೆ ಆವತ್ತು ಎಷ್ಟು ಸಂತೋಷವಾಯಿತೆಂದರೆ ಕ್ಯಾಂಟೀನಿನವನ ಜೊತೆ ಜಗಳವನ್ನೇ ಆಡಲಿಲ್ಲ.

ಆಮೇಲೆ ಅವಳ ಮೈಗೆ ಔಷಧಿ ಹಿಡಿಯುವುದು ನಿಂತಿತು. ಇನ್ನು ನಮ್ಮ ಕೈಲಿ ಏನೂ ಇಲ್ಲ ಎಂದು ಡಾಕ್ಟರು ಅಪ್ಪ ಅಮ್ಮನಿಗೆ ಹೇಳಿಬಿಟ್ಟರು. ಕೈ ತೊಳೆಯುವ ನಲ್ಲಿಯ ಹತ್ತಿರ ಅವಳಪ್ಪ ನನ್ನನ್ನು ತಡೆದ. "ಅಜ್ಜಿ, ಅವಳು ನಮ್ಮನ್ನ ಕೇಳಲ್ಲ, ನಿಮ್ಮನ್ನೇ ಕೇಳೋದು. ದಮ್ಮಯ್ಯ ಅಂತೀನಿ, ಹೇಳ್ಬೇಡಿ. ಇರೋವಷ್ಟು ದಿನ ನಗ್ತಾ ಇರ್ಲಿ."

ಮೇಡಂ ಹತ್ತಿರ ಹೋದೆ. "ಅವರು ಒಪ್ಪೋ ತನಕ ನಾವು ಹೇಳೋ ಹಾಗಿಲ್ಲ ಅಜ್ಜಿ. ಸುಳ್ಳೂ ಹೇಳೋ ಹಾಗಿಲ್ಲ. ಅವಳು ಕೇಳಿದ್ರೆ, ನಿನಗೇನನ್ಸುತ್ತೆ ಅಂತ ತಿರುಗಿ ಕೇಳಿ, ಅವಳು ಹೇಳಿದ್ದನ್ನ ಸುಮ್ನೆ ಕೂತು ಕೇಳಿಸ್ಕೊಳ್ಳಿ. ಅವರಪ್ಪನ ಹತ್ರ ನಾನು ಮಾತಾಡ್ತಿದ್ದೀನಿ" ಎಂದರು.

"ಇದೆಂಥ ಎಡಬಿಡಂಗಿ ಪಾಠ" ಎಂದೆ.

"ಕಷ್ಟದ ಪಾಠ" ಎಂದರು.

ಮರುದಿನವೇ ಕೇಳಿದಳು. ಗೊಂಬೆಯ ಕೈಗೆ ಬ್ಯಾಂಡೇಜು ಸುತ್ತುತ್ತಿದ್ದಳು. ತಲೆ ಎತ್ತದೆ, "ಅಜ್ಜಿ, ಸಾಯೋದು ಯಾವುದು? ಇರುವೆಯಾ, ಜೇನಾ, ಚೇಳಾ?"

ಅವಳ ತಾಯಿ ಕಂಬಿ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಮೇಡಂ ಹೇಳಿಕೊಟ್ಟದ್ದು ನಾಲಿಗೆಯ ತುದಿಗೆ ಬಂದಿತ್ತು. ಬಾಯಿಂದ ಬಂದದ್ದು ಬೇರೆ. "ಥೂ, ಬಿಡ್ತು ಅನ್ನು. ಮುಂದಿನ ತಿಂಗಳು ಸ್ಕೂಲಿಗೆ ಹೋಗೋಳು ಹಿಂಗೆಲ್ಲ ಮಾತಾಡ್ತಾರಾ?"

ಆಗ ತಲೆ ಎತ್ತಿದಳು. ಕೋರ್ಟಿನಲ್ಲಿ ಉಲ್ಟಾ ಹೊಡೆದ ಸಾಕ್ಷಿಯನ್ನು ನೋಡುವ ಹಾಗೆ ನೋಡಿದಳು. "ಆಯ್ತು" ಎಂದಳು. ಬ್ಯಾಂಡೇಜು ಸುತ್ತಿ ಮುಗಿಸಿದಳು. ಅಷ್ಟೇ ತಂಗಿ. ಅಲ್ಲಿಗೆ ವಿಚಾರಣೆ ಮುಗಿಯಿತು.

ಆ ವಾರ ನೋವು ಇಳಿಸಲೆಂದು ಅವಳಿಗೆ ಬೆನ್ನುಹುರಿಯ ಹತ್ತಿರ ದೊಡ್ಡ ಸೂಜಿ ಹಾಕಬೇಕಾಯಿತು. ನಾನು ಬೆರಳು ಕೊಟ್ಟೆ. ಹಿಡಿಯಲಿಲ್ಲ, ಏನೂ ಕೇಳಲೂ ಇಲ್ಲ. ತುಟಿ ಕಚ್ಚಿ ಕಚ್ಚಿ ರಕ್ತ ಬಂದಿತ್ತು. ಮುಗಿದ ಮೇಲೆ ನಾನೇ ಕೇಳಿದೆ, "ಯಾವುದಿತ್ತು ವಕೀಲಮ್ಮ?"

"ಇರುವೆ" ಎಂದಳು. ಹಾಗೆಂದು ನನ್ನ ಕೈ ಮೇಲೆ ಎರಡು ಸಲ ತಟ್ಟಿದಳು, ದೊಡ್ಡವರು ಚಿಕ್ಕವರನ್ನು ಸಮಾಧಾನ ಮಾಡುತ್ತಾರಲ್ಲ, ಹಾಗೆ.

ಕೊನೆಗೆ ಅವಳಪ್ಪ ಒಪ್ಪಿದ. ಮೇಡಂ ಅಪ್ಪ ಅಮ್ಮ ಇಬ್ಬರನ್ನೂ ಮಂಚದ ಪಕ್ಕ ಕೂರಿಸಿಕೊಂಡು, "ನಿನಗೆ ಏನಾದ್ರೂ ಕೇಳಬೇಕು ಅಂತಿದ್ರೆ ಕೇಳು, ಎಲ್ಲ ನಿಜಾನೇ ಹೇಳ್ತೀವಿ" ಎಂದರು. ಹುಡುಗಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. "ನನಗೆ ನಿದ್ದೆ ಬರ್ತಿದೆ" ಎಂದು ಗೋಡೆಯ ಕಡೆ ತಿರುಗಿದಳು. ಹೋಗುವ ತನಕ ಯಾರನ್ನೂ ಏನೂ ಕೇಳಲಿಲ್ಲ. ಏನು ಎಣಿಸಿಕೊಂಡಳೋ, ಎಷ್ಟು ಹೆದರಿದಳೋ, ಎಲ್ಲವನ್ನೂ ತಾನೊಬ್ಬಳೇ ಇಟ್ಟುಕೊಂಡು ಹೋದಳು.

ಕಳೆದ ಮಂಗಳವಾರ ಹೋದಳು. ಮಂಚ ಖಾಲಿ ಮಾಡುವಾಗ ದಿಂಬಿನ ಕೆಳಗೆ ಗೊಂಬೆ ಸಿಕ್ಕಿತು. ಅದರ ಬಾಯಿಗೆ ಪ್ಲಾಸ್ಟರು ಅಂಟಿಸಿದ್ದಳು. ಕಿತ್ತು ಕೊಡೋಣ ಎಂದುಕೊಂಡೆ, ಕೈ ಬರಲಿಲ್ಲ. ತಾಯಿ ಹಾಗೆಯೇ ಸೆರಗಿನಲ್ಲಿ ಸುತ್ತಿಕೊಂಡಳು.

"ಅಜ್ಜಿ, ಇದು ನಿಮ್ಮ ತಪ್ಪಲ್ಲ" ಎಂದರು ಮೇಡಂ.

"ಸುಳ್ಳು ಹೇಳಬಾರದು ಅಂತ ಕಲಿಸಿದೋಳು ನೀನೇ ಕಣಮ್ಮ" ಎಂದೆ. ಅವರು ಅತ್ತರು. ನನಗೆ ಅಳುವೂ ಬರಲಿಲ್ಲ. ಕಾರ್ಡು ಬಿಚ್ಚಿ ಅವರ ಮೇಜಿನ ಮೇಲಿಟ್ಟೆ. ಬೇಡ ಎಂದರೂ ಕೇಳಲಿಲ್ಲ. ನೆಲ ಒರೆಸುವ ಕೋಲೇ ನನಗೆ ಸರಿ, ಅದು ಏನನ್ನೂ ಕೇಳುವುದಿಲ್ಲ. ಅದಕ್ಕೂ ಈಗ ರಜೆ ಬರೆದುಕೊಟ್ಟಿದ್ದೇನೆ.

ಮಾತ್ರೆ ತಪ್ಪಿಸಬೇಡ. ಬಿಸಿಯಿದ್ದಾಗ ಉಣ್ಣು, ಎಲ್ಲರದ್ದೂ ಆಗಲಿ ಎಂದು ಕಾಯುತ್ತಾ ಕೂರಬೇಡ. ನಿನ್ನ ಯಜಮಾನರಿಗೆ ನಾನು ಕೇಳಿದೆನೆಂದು ಹೇಳು, ನಕ್ಕಿದ್ದಕ್ಕೆ ಲೆಕ್ಕ ಬಾಕಿ ಇದೆ ಎಂದೂ ಹೇಳು. ಮೊಮ್ಮಕ್ಕಳ ತಲೆ ಸವರು. ನೀನು ತಣ್ಣಗಿರು.

ನಿನ್ನ
ಅಕ್ಕ

ತಾ.ಕ.: ಮೊದಲ ಪತ್ರದ ಕೊನೆಯಲ್ಲಿ ನೀನು ಕೇಳಿದ್ದೆ, "ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿದ್ರು, ಗ್ಯಾಸ್ ಅಂತಾರೆ, ಮುಖ ಕೊಟ್ಟು ಮಾತ್ರ ಯಾರೂ ಮಾತಾಡಲ್ಲ, ನಿನಗೇನಾದ್ರೂ ಹೇಳಿದ್ರಾ ಅಕ್ಕಾ" ಎಂದು. ಎರಡನೆಯದರಲ್ಲಿ ಆ ಮಾತೇ ಇಲ್ಲ. "ಈಗ ನೋವು ಅಷ್ಟೇನಿಲ್ಲ, ನೀನು ಯೋಚನೆ ಮಾಡ್ಬೇಡ" ಎಂದು ಬರೆದಿದ್ದೀಯ. ಅದನ್ನು ಓದಿದಾಗ ಆ ಹುಡುಗಿಯ ತುಟಿ ಕಣ್ಣ ಮುಂದೆ ಬಂತು. ನಿನ್ನ ಮಗ ಫೋನು ಮಾಡಿ, "ದೊಡ್ಡಮ್ಮ, ಅಮ್ಮಂಗೆ ಗೊತ್ತಾದ್ರೆ ತಡ್ಕೊಳ್ಳಲ್ಲ" ಎಂದು ನನ್ನಿಂದ ಮಾತು ತಗೊಂಡಿದ್ದ. ಆ ಮಾತು ಮುರಿಯುತ್ತಿದ್ದೇನೆ. ಅವನನ್ನು ಬೈಯಬೇಡ, ಬೀಗದವನ ಹಾಗೆ ಅವನೂ ಹೆದರಿದ್ದಾನೆ.

ಅದು ಗ್ಯಾಸ್ ಅಲ್ಲ. ಗಡ್ಡೆ. ಲಿವರಿಗೆಲ್ಲ ಹಬ್ಬಿದೆ, ಕೊಯ್ದು ತೆಗೆಯುವ ಹಾಗಿಲ್ಲ ಎಂದಿದ್ದಾರೆ. ಏನಾಗುತ್ತೆ ಅಂದರೆ, ಊಟ ಸೇರುವುದಿಲ್ಲ, ಸೊರಗುತ್ತೀಯ, ಆಮೇಲೆ ಎದ್ದು ಓಡಾಡಲು ಆಗುವುದಿಲ್ಲ, ಆಮೇಲೆ ಹೋಗುತ್ತೀಯ. ಹೇಗನಿಸುತ್ತೆ ಅಂದರೆ, ಚೇಳು. ನೋವಿಗೆ ಔಷಧಿ ಇದೆ, ನಾಚಿಕೊಳ್ಳದೆ ಕೇಳಿ ತಗೋ. ಯಾರು ಪಕ್ಕದಲ್ಲಿರ್ತಾರೆ ಅಂದರೆ, ನಾನು. ಬುಧವಾರದ ಬಸ್ಸಿಗೆ ಬರುತ್ತಿದ್ದೇನೆ. ಬಂದು ಕೇಳಿದಾಗ ಇರುವೆ ಅನ್ನಬೇಡ.